ಭೂತಾನಿನ ಅಡಿಕೆಗೆ ಬೇರೆ ನ್ಯಾಯವೇ?

ನೆರೆದೇಶಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದರೆ ಮಲೆನಾಡಿನ ಓದುಗರು ಅಡಿಕೆಯ ಬಗ್ಗೆಯೇ ಕೇಳಿದ್ದಾರೆ. ಒಳ್ಳೆಯದೇ ಆಯಿತು.

ಶಿರಸಿಯ ಬೆಳೆಗಾರರೊಬ್ಬರು: ಹೊರದೇಶದ ಅಡಿಕೆ ಕಿಲೋಗೆ 351 ರೂಪಾಯಿಗಿಂತ ಅಗ್ಗವಾಗಿ ಬರಬಾರದೆಂದು ಕೇಂದ್ರವೇ ನಿಯಮ ಮಾಡಿದೆ. ಭೂತಾನಿನ ಹಸಿ ಅಡಿಕೆಗೆ ಮಾತ್ರ ಆ ನಿಯಮವಿಲ್ಲ. ನಮ್ಮ ಹೊಟ್ಟೆಯ ಮೇಲೆ ಹೊಡೆದು ನೆರೆಯವರ ಸ್ನೇಹ ಸಂಪಾದಿಸುವುದು ಯಾವ ನ್ಯಾಯ?

ನನ್ನ ಮನೆಯೂ ತೋಟದ ನಡುವೆಯೇ ಇದೆ, ನಿಮ್ಮ ಸಿಟ್ಟು ನನಗೆ ಹೊಸದಲ್ಲ. ಆದರೆ ಸುಂಕ ಇಲಾಖೆಯಲ್ಲಿ ಅರ್ಧ ಆಯುಷ್ಯ ಕಳೆದವನು ನಾನು. ಮೊದಲು ತೂಕದ ಲೆಕ್ಕ ಮಾಡೋಣ. 2022ರ ಸೆಪ್ಟೆಂಬರಿನಲ್ಲಿ ಅನುಮತಿ ಕೊಟ್ಟದ್ದು ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ, ಅದೂ ಪಶ್ಚಿಮ ಬಂಗಾಳದ ಜೈಗಾಂವ್ ಸುಂಕದ ಕಟ್ಟೆಯ ಮೂಲಕ. ಹಸಿ ಅಡಿಕೆ ಒಣಗಿ ಚಾಲಿಯಾದರೆ, ಅಂದರೆ ಸುಲಿದ ಒಣ ಅಡಿಕೆಯಾದರೆ, ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಉಳಿಯುತ್ತದೆಂದು ನಿಮಗೆ ನಾನು ಹೇಳಬೇಕೇ? ಅಂದರೆ ಮೂರೂವರೆ ಸಾವಿರ ಟನ್ನಿನ ಆಸುಪಾಸು. ನಮ್ಮ ದೇಶದ ಬೆಳೆ ಹನ್ನೆರಡು ಲಕ್ಷ ಟನ್ ದಾಟುತ್ತದೆ. ಜೊತೆಗೆ, ಅಸ್ಸಾಂ, ಮೇಘಾಲಯಗಳ ಜನ ಹಸಿ ಅಡಿಕೆಯನ್ನೇ ಜಗಿಯುವವರು. ನಮ್ಮ ರಾಶಿ, ಬೆಟ್ಟೆ ಎಂಬ ಸಂಸ್ಕರಿಸಿದ ಅಡಿಕೆಗಳ ಧಾರಣೆಯನ್ನು ಉರುಳಿಸುವ ಶಕ್ತಿ ಜೈಗಾಂವ್‌ನ ಲಾರಿಗಳಿಗಿಲ್ಲ.

ಹಾಗಾದರೆ ಈ ರಿಯಾಯಿತಿ ಏಕೆ? ಭೂಪಟ ತೆಗೆದು ಸಿಲಿಗುರಿಯ ಮೇಲೆ ಬೆರಳಿಡಿ. ನೇಪಾಳ ಮತ್ತು ಬಾಂಗ್ಲಾದೇಶದ ನಡುವೆ, ಅತಿ ಕಿರಿದಾದ ಕಡೆ ಇಪ್ಪತ್ತೆರಡು ಕಿಲೋಮೀಟರ್ ಅಗಲದ ನೆಲ. ಈಶಾನ್ಯ ರಾಜ್ಯಗಳಿಗೆ ಹೋಗುವ ನಮ್ಮ ರೈಲು, ಹೆದ್ದಾರಿ, ಸೈನ್ಯದ ಸರಕು ಎಲ್ಲವೂ ಅಲ್ಲಿಯೇ ತೂರಿಕೊಂಡು ಹೋಗಬೇಕು. ಅದರ ಉತ್ತರಕ್ಕೆ ಟಿಬೆಟಿನ ಚುಂಬಿ ಕಣಿವೆ, ಕಣಿವೆಯ ಪಕ್ಕದಲ್ಲಿ ಭೂತಾನ್ ಮತ್ತು ಚೀನಾ ಇಬ್ಬರೂ ತಮ್ಮದೆನ್ನುವ ದೋಕ್ಲಾಮ್ ಪ್ರಸ್ಥಭೂಮಿ. 1996ರಲ್ಲಿ ಚೀನಾ ಭೂತಾನಿನ ಮುಂದೆ ಒಂದು ವಿನಿಮಯ ಇಟ್ಟಿತು: ಉತ್ತರದ ಎರಡು ಕಣಿವೆಗಳ ಸುಮಾರು 495 ಚದರ ಕಿಲೋಮೀಟರ್ ನಿಮಗಿರಲಿ, ಪಶ್ಚಿಮದಲ್ಲಿ ದೋಕ್ಲಾಮ್ ಸೇರಿದ 269 ಚದರ ಕಿಲೋಮೀಟರ್ ನಮಗಿರಲಿ. ವಿಸ್ತೀರ್ಣ ಮಾತ್ರ ನೋಡುವವರಿಗೆ ಲಾಭದ ವ್ಯವಹಾರ. ಭೂತಾನಿನ ರಾಜಧಾನಿ ಥಿಂಫು ಒಪ್ಪಲಿಲ್ಲ. ದೋಕ್ಲಾಮ್ ಕೈ ಸೇರಿದರೆ ಚೀನಾದ ಸೈನ್ಯ ಸಿಲಿಗುರಿಗೆ ಇನ್ನಷ್ಟು ಹತ್ತಿರ ಬರುತ್ತದೆ ಎಂಬ ದೆಹಲಿಯ ಆತಂಕವನ್ನು ಗಮನಿಸಿಯೇ ಒಪ್ಪಲಿಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ. 2017ರ ಜೂನ್‌ನಲ್ಲಿ ಚೀನಾದ ಸೈನಿಕರು ಅಲ್ಲಿ ರಸ್ತೆ ಕಡಿಯಲು ಬಂದಾಗ ಅಡ್ಡ ನಿಂತವರು ಭಾರತದ ಸೈನಿಕರು. ಆಗಸ್ಟ್ 28ರವರೆಗೂ ನಿಂತರು.

ಎಂಟು ಲಕ್ಷದ ಆಸುಪಾಸಿನ ಜನರ ದೇಶವೊಂದು ನಮಗಾಗಿ ಇಷ್ಟು ಬಿಗಿ ಹಿಡಿದಿರುವಾಗ, ಅದರ ದಕ್ಷಿಣದ ಸಮ್ತ್ಸೆ, ಸರ್ಪಾಂಗ್ ಜಿಲ್ಲೆಗಳ ಸಣ್ಣ ರೈತರು ಬೆಳೆದ ಅಡಿಕೆಗೆ ಬಾಗಿಲು ಹಾಕಿಕೊಳ್ಳುವುದು ಹೇಗೆ? ಹೊರಗೆ ಅವರಿಗೆ ಬೇರೆ ದೊಡ್ಡ ಮಾರುಕಟ್ಟೆಯಿಲ್ಲ: ಮೂರು ದಿಕ್ಕಿಗೆ ಭಾರತ, ಉತ್ತರಕ್ಕೆ ಹಿಮ.

ಇಷ್ಟಾದರೂ ನಿಮ್ಮ ಪ್ರಶ್ನೆಯ ಒಂದು ಮುಳ್ಳು ಉಳಿಯುತ್ತದೆ, ಅದನ್ನು ನಾನು ತೆಗೆಯಲಾರೆ. ಗಡಿಯ ಭದ್ರತೆ ಇಡೀ ದೇಶದ ಬಾಬ್ತು. ಅದರ ಬಿಲ್ಲನ್ನು ಒಂದು ಬೆಳೆಯವರ ಮನೆಗೆ ಕಳಿಸುವಾಗ, ಆ ಮನೆಯವರನ್ನು ಮೊದಲು ಕರೆದು ಕೂರಿಸಿ ಮಾತನಾಡಿಸುವುದು ಮರ್ಯಾದೆ. ಮೂರೂವರೆ ಸಾವಿರ ಟನ್ನಿನ ವಿಷಯವನ್ನು ಹಾಗೆ ಬಿಡಿಸಿ ಹೇಳಿದ್ದರೆ ಮಲೆನಾಡಿನಲ್ಲಿ ಅಷ್ಟು ಗದ್ದಲ ಏಳುತ್ತಿರಲಿಲ್ಲ.

ದಾವಣಗೆರೆಯ ವಿದ್ಯಾರ್ಥಿನಿ: ಭಾರತ ಒಮ್ಮೆ ಭೂತಾನಿನ ಅಡುಗೆ ಅನಿಲವನ್ನೇ ತುಟ್ಟಿ ಮಾಡಿ ಹೆದರಿಸಿತ್ತಂತೆ, ನಿಜವೇ?

ಬೆಲೆ ಏರಿದ್ದು ನಿಜ. 2013ರ ಜುಲೈ 1ರಿಂದ ಭೂತಾನಿಗೆ ಹೋಗುವ ಅಡುಗೆ ಅನಿಲ, ಸೀಮೆಎಣ್ಣೆಗಳಿಗೆ ಭಾರತ ಕೊಡುತ್ತಿದ್ದ ಸಬ್ಸಿಡಿ ನಿಂತಿತು. ಸಿಲಿಂಡರಿನ ಬೆಲೆ ಎರಡು ಪಟ್ಟು ಮೀರಿತು. ಜುಲೈ 13ಕ್ಕೆ ಅಲ್ಲಿ ಮತದಾನವಿತ್ತು. ಪಂಚವಾರ್ಷಿಕ ಯೋಜನೆಯ ಅವಧಿ ಜೂನ್ ಅಂತ್ಯಕ್ಕೆ ಮುಗಿದದ್ದೇ ಕಾರಣ ಎಂದು ದೆಹಲಿ ಹೇಳಿತು. ಆದರೆ ಹಿಂದಿನ ವರ್ಷ ಭೂತಾನಿನ ಆಗಿನ ಪ್ರಧಾನಿ ಜಿಗ್ಮೆ ಥಿನ್ಲೆ ಅವರು ರಿಯೊ ಡಿ ಜನೈರೊದಲ್ಲಿ ಚೀನಾದ ಪ್ರಧಾನಿ ವೆನ್ ಜಿಯಾಬಾವೊ ಅವರನ್ನು ಭೇಟಿಯಾಗಿದ್ದರು, ಅದಕ್ಕೆ ದೆಹಲಿ ಮುನಿಸಿಕೊಂಡಿದೆ ಎಂದೇ ಭೂತಾನಿನ ಅಡುಗೆಮನೆಗಳಲ್ಲಿ ಮಾತಾಯಿತು. ಥಿನ್ಲೆ ಅವರ ಪಕ್ಷ ಸೋತಿತು, ಆಗಸ್ಟ್‌ನಲ್ಲಿ ಸಬ್ಸಿಡಿ ಮರಳಿತು. ಕಾಗದದ ಮೇಲಿನ ಕಾರಣ ಸರಿಯೇ ಇರಲಿ, ಮತದಾನದ ಹನ್ನೆರಡು ದಿನ ಮುಂಚೆ ಹಾಗೆ ಮಾಡುವ ಅಧಿಕಾರಿಗೆ ನಾನಾಗಿದ್ದರೆ ವರ್ಗಾವಣೆ ಕೊಡುತ್ತಿದ್ದೆ. ಒಲೆಯ ಮೇಲಿನ ನೋವು ಬೇಗ ಮರೆಯುವುದಿಲ್ಲ. ನೇಪಾಳದವರು ಭಾರತದ ಗಡಿಯಲ್ಲಿ ಸಾಗಣೆ ನಿಂತು ಬಂದ 2015ರ ಇಂಧನದ ಬರವನ್ನು ಇಂದಿಗೂ ಎತ್ತಾಡುತ್ತಾರೆ. ಅದು ಮುಗಿದ ಬೆನ್ನಲ್ಲೇ, 2016ರ ಮಾರ್ಚ್‌ನಲ್ಲಿ, ಅವರ ಆಗಿನ ಪ್ರಧಾನಿ ಓಲಿ ಬೀಜಿಂಗ್‌ಗೆ ಹೋಗಿ ಸರಕು ಸಾಗಣೆಯ ಒಪ್ಪಂದ ಮಾಡಿಕೊಂಡು ಬಂದರು.

ಸಾಗರದಿಂದ ಒಬ್ಬರು: ಧಾರಣೆ ಬೀಳಿಸುವುದು ಭೂತಾನ್ ಅಲ್ಲವಾದರೆ ಮತ್ತೆ ಯಾರು?

ಕಳ್ಳದಾರಿಯನ್ನು ನೋಡಿ. ಮ್ಯಾನ್ಮಾರಿನಿಂದ ಮಿಜೋರಾಂನ ಚಂಫಾಯ್ ಕಡೆಯ ಗುಡ್ಡಗಳನ್ನು ದಾಟಿ ಬರುವ ಒಣ ಅಡಿಕೆ ಮತ್ತೆ ಮತ್ತೆ ಸಿಕ್ಕಿಬೀಳುತ್ತದೆ. ಇನ್ನೊಂದು ಉಪಾಯ ಇನ್ನೂ ನಯವಾದದ್ದು: ಬೇರೆಲ್ಲೋ ಬೆಳೆದ ಮಾಲಿಗೆ ರಿಯಾಯಿತಿ ಇರುವ ನೆರೆದೇಶದಲ್ಲೇ ಬೆಳೆದದ್ದು ಎಂಬ ಪ್ರಮಾಣಪತ್ರ ಅಂಟಿಸುವುದು. 2020ರ ಸೆಪ್ಟೆಂಬರಿನಿಂದ ಮಾಲು ಎಲ್ಲಿಯದೆಂದು ತೋರಿಸುವ ಹೊಣೆಯನ್ನು ಆಮದುದಾರನ ಮೇಲೂ ಹೊರಿಸಿದ್ದಾರೆ. ನಿಮ್ಮ ಮನವಿಪತ್ರಗಳಲ್ಲಿ ಭೂತಾನಿನ ಹೆಸರು ತೆಗೆದು, ಈ ನಿಯಮವನ್ನು ಬಿಗಿಯಾಗಿ ನಡೆಸಿ ಎಂದು ಬರೆಯಿರಿ. ಫಲ ಸಿಕ್ಕರೆ ಅಲ್ಲಿ ಸಿಗುತ್ತದೆ.

ಮೈಸೂರಿನ ನಿವೃತ್ತ ದಂಪತಿ: ಭೂತಾನ್ ಪ್ರವಾಸಕ್ಕೆ ಆಧಾರ್ ಸಾಕೇ?

ಸಾಲದು. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ತಲೆಗೆ, ರಾತ್ರಿಗೆ 1,200 ರೂಪಾಯಿ ಸರ್ಕಾರಿ ಶುಲ್ಕವೂ ಇದೆ, ಬಜೆಟ್‌ನಲ್ಲಿ ಸೇರಿಸಿಕೊಳ್ಳಿ. ಅವರ ಹಣ ಙುಲ್ಟ್ರಮ್, ನಮ್ಮ ರೂಪಾಯಿಗೆ ಸರಿಸಮ. ಅಲ್ಲಿ ಯಾರಾದರೂ ಪ್ರೀತಿಯಿಂದ ದೋಮಾ, ಅಂದರೆ ಅವರ ಎಲೆ ಅಡಿಕೆ, ಕೊಟ್ಟರೆ ಮೊದಲು ಮೂಸಿ ನೋಡಿ. ಹುಳಿ ಬಂದ ಅಡಿಕೆಯ ಆ ಘಾಟು ಮೈಸೂರಿನ ವೀಳ್ಯಕ್ಕೆ ಒಗ್ಗಿದ ಮೂಗಿಗೆ ಅಷ್ಟು ಸುಲಭವಲ್ಲ.