ಮೂರು ದಿನಕ್ಕೆ ಎಂಟು ಜಾಗ ಯಾಕೆ?

ಪ್ರಶ್ನೆ: ನಾವು ಮಂಡ್ಯದವರು. ಮಗನಿಗೆ ಎಂಟು ವರ್ಷ, ಮಗಳಿಗೆ ಈಗಷ್ಟೇ ಮೂರು ತುಂಬಿದೆ. ಜೊತೆಗೆ ಅತ್ತೆಯೂ ಇದ್ದಾರೆ. ದಸರಾ ರಜೆಗೆ ನಮ್ಮ ಯಜಮಾನರು ಕಾರಿನಲ್ಲಿ ಮೂರು ದಿನದ ಪ್ರವಾಸ ಹಾಕಿದ್ದಾರೆ: ರಂಗನತಿಟ್ಟು, ಕೆಆರ್‌ಎಸ್, ಝೂ, ಅರಮನೆ, ಚಾಮುಂಡಿ ಬೆಟ್ಟ, ನಂಜನಗೂಡು, ಬಂಡೀಪುರ, ಊಟಿ. ಹೋದ ಸಲ ಹೀಗೇ ಹೊರಟಾಗ ಮಗಳು ದಾರಿಯುದ್ದಕ್ಕೂ ರಚ್ಚೆ ಹಿಡಿದಳು, ಮಗ ಘಾಟಿಯಲ್ಲಿ ವಾಂತಿ ಮಾಡಿಕೊಂಡ. "ಆ ಮಗೂಗೆ ಏನೂ ನೆನಪಿರಲ್ಲ, ಸುಮ್ನೆ ದುಡ್ಡು ದಂಡ" ಅಂತಾರೆ ಅತ್ತೆ. ಏನು ಮಾಡೋಣ?

ಮಕ್ಕಳ ಬೆಳವಣಿಗೆ ತಜ್ಞರ ಉತ್ತರ: ಮೊದಲು ಊಟಿಯನ್ನು ಪಟ್ಟಿಯಿಂದ ತೆಗೆಯಿರಿ. ಬಂಡೀಪುರ, ನಂಜನಗೂಡೂ ಅದರ ಜೊತೆಗೇ ಹೋಗಲಿ. ಮಸಿನಗುಡಿ ಕಡೆಯಿಂದ ಊಟಿಗೆ ಹತ್ತುವ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಪ್ರಯಾಣದ ವಾಂತಿ ಎರಡು ವರ್ಷದೊಳಗಿನ ಮಕ್ಕಳಲ್ಲಿ ಅಪರೂಪ. ಆರರಿಂದ ಹನ್ನೆರಡರವರೆಗೆ ಅದರ ಕಾಟ ಜಾಸ್ತಿ. ಕಾರು ತಿರುಗುತ್ತಿದೆ ಎಂದು ಒಳಗಿವಿ ಹೇಳುತ್ತದೆ. ಮೊಬೈಲ್ ನೋಡುತ್ತಿರುವ ಕಣ್ಣು ಏನೂ ಅಲುಗಾಡುತ್ತಿಲ್ಲ ಎನ್ನುತ್ತದೆ. ಈ ಜಗಳಕ್ಕೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ಮೊಬೈಲ್ ಬೇಡ, ಪುಸ್ತಕವೂ ಬೇಡ. ದೂರದ ರಸ್ತೆ ಕಾಣುವ ಹಾಗೆ ಕೂರಿಸಿ. ಖಾಲಿ ಹೊಟ್ಟೆಯೂ ಬೇಡ, ಪೂರಿಯೂ ಬೇಡ. ಎರಡು ಇಡ್ಲಿ ಸಾಕು. ಮಾತ್ರೆ ಕೊಡಬೇಕೆನಿಸಿದರೆ ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿಯೇ ಕೊಡಿ.

ನಿಜ ಹೇಳಬೇಕೆಂದರೆ ಮೈಸೂರಿಗೆ ಕಾರೇ ಬೇಕಿಲ್ಲ. ರೈಲಿನಲ್ಲಿ ಹೋಗಿ. ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ ಇಲ್ಲ. ಯಲಿಯೂರು, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ ಎಂದು ಬರೆದ ಚೀಟಿಯನ್ನು ಮಗನ ಕೈಗೆ ಕೊಡಿ. ಸ್ಟೇಷನ್ ದಾಟಿದ ಹಾಗೆ ಅವನೇ ಗುರುತು ಹಾಕಲಿ. ಎಂಟು ವರ್ಷದ ಮಕ್ಕಳಿಗೆ ಪಟ್ಟಿ, ಲೆಕ್ಕ, ನಿಯಮ ಅಂದರೆ ಬಹಳ ಇಷ್ಟ. ಶ್ರೀರಂಗಪಟ್ಟಣದ ಹತ್ತಿರ ರೈಲು ಕಾವೇರಿಯನ್ನು ಎರಡು ಸಲ ಯಾಕೆ ದಾಟುತ್ತದೆ ಎಂದು ಕೇಳಿ ನೋಡಿ. ಊರು ನದಿಯ ನಡುವಿನ ದ್ವೀಪ ಅನ್ನೋದನ್ನು ಅವನೇ ಕಂಡುಹಿಡಿದರೆ ಮುಂದಿನ ಒಂದು ವಾರ ಮನೆಯವರಿಗೆಲ್ಲ ಪಾಠ ಗ್ಯಾರಂಟಿ.

ಮಗಳ ರಚ್ಚೆಯನ್ನು ಹಠ ಅಂದುಕೊಳ್ಳಬೇಡಿ, ಅದು ಬಹುಪಾಲು ನಿದ್ದೆಗೆಟ್ಟ ರಚ್ಚೆ. ಮೂರರಿಂದ ಐದು ವರ್ಷದ ಮಗುವಿಗೆ ಹಗಲಿನದೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಮಧ್ಯಾಹ್ನದ ನಿದ್ದೆಯನ್ನು ಕಾರಿನ ಸೀಟಿನಲ್ಲಿ ಅರ್ಧಂಬರ್ಧ ಮುಗಿಸಿದ ಮಗು ಸಂಜೆ ಯಾವ ಅರಮನೆಯನ್ನೂ ನೋಡುವುದಿಲ್ಲ. ಬೆಳಗ್ಗೆ ಒಂದು ಜಾಗ, ಮಧ್ಯಾಹ್ನ ರೂಮು, ಸಂಜೆ ಏನಾದರೂ ಸಣ್ಣದು. ಅತ್ತೆಗೂ ಊಟವಾದ ಮೇಲೆ ಕಾಲು ಚಾಚಬೇಕು ಅಲ್ವಾ? ಮೊಮ್ಮಗಳದೂ ಅಜ್ಜಿಯದೂ ಒಂದೇ ಟೈಮ್‌ಟೇಬಲ್. ಆ ಹೊತ್ತಿನಲ್ಲಿ ಅಪ್ಪ-ಮಗ ರೈಲ್ವೆ ಮ್ಯೂಸಿಯಂ ನೋಡಿ ಬರಲಿ.

ಝೂಗೆ ಎಂಟೂವರೆಗೆ ಬಾಗಿಲು ತೆರೆಯುವಾಗಲೇ ಹೋಗಿ. ಸಾಮಾನ್ಯವಾಗಿ ಮಂಗಳವಾರ ರಜೆ. ದಸರಾ ಸಮಯದಲ್ಲಿ ಬದಲಾಗಬಹುದು, ವಿಚಾರಿಸಿಕೊಳ್ಳಿ. 1892ರ ಝೂ ಅದು, ದೊಡ್ಡದು. ಎಲ್ಲ ಪಂಜರ ಮುಗಿಸಲೇಬೇಕೆಂಬ ಹಟ ಬೇಡ. ಅಲ್ಲಿ ನಾನು ಮತ್ತೆ ಮತ್ತೆ ನೋಡುವುದು ಇದನ್ನೇ: ಜಿರಾಫೆ ಎದುರಿಗೆ ನಿಂತಿರುತ್ತದೆ, ಪುಟ್ಟ ಮಗು ಮಾತ್ರ ಕುಕ್ಕರಗಾಲಲ್ಲಿ ಕೂತು ಕಡಲೆಕಾಯಿ ಸಿಪ್ಪೆ ಎಳೆಯುವ ಇರುವೆಗಳನ್ನು ನೋಡುತ್ತಿರುತ್ತದೆ. ಅಪ್ಪ ತೋಳು ಹಿಡಿದು ಎಬ್ಬಿಸುತ್ತಾರೆ, "ಅಲ್ನೋಡು, ಅಲ್ನೋಡು" ಅಂತಾರೆ. ಅಲ್ಲಿಂದ ಅಳು ಶುರು. ಇರುವೆ ನೋಡಲಿ ಬಿಡಿ. ಐದು ನಿಮಿಷದಲ್ಲಿ ತಾನೇ ತಲೆ ಎತ್ತುತ್ತಾಳೆ.

ಇನ್ನೊಂದು ಬೆಳಗ್ಗೆ ಬೆಟ್ಟ. ಅಪ್ಪ-ಮಗ ಬಿಸಿಲೇರುವ ಮುಂಚೆ ಮೆಟ್ಟಿಲು ಹತ್ತಲಿ. ಸಾವಿರಕ್ಕೂ ಜಾಸ್ತಿ ಇವೆ, ದಾರಿಯಲ್ಲೇ ದೊಡ್ಡ ನಂದಿ ಸಿಗುತ್ತದೆ. ನೀವು ಮೂವರು ಬಸ್ಸಿನಲ್ಲಿ ಹೋಗಿ. ಇಡೀ ಕುಟುಂಬ ಎಲ್ಲವನ್ನೂ ಒಟ್ಟಿಗೇ ಮಾಡಬೇಕು ಅಂತೇನೂ ಇಲ್ಲ.

ಜಂಬೂ ಸವಾರಿಯ ನೂಕುನುಗ್ಗಲಿಗೆ ಮೂರು ವರ್ಷದ ಮಗುವನ್ನು ನಾನಂತೂ ಕಳಿಸುವುದಿಲ್ಲ. ಆನೆ ತೋರಿಸಬೇಕೆಂದರೆ ವಿಜಯದಶಮಿಗೆ ಮುಂಚೆಯೇ ಬನ್ನಿ. ಅರಮನೆಯಿಂದ ಬನ್ನಿಮಂಟಪದ ಕಡೆಗೆ ತಾಲೀಮಿಗೆ ಹೊರಡುವ ಆನೆಗಳನ್ನು ರಸ್ತೆ ಬದಿ ನಿಂತು ನೋಡಬಹುದು. ಹತ್ತು ನಿಮಿಷದ ಕೆಲಸ. ಎಷ್ಟು ಹೊತ್ತಿಗೆ ಹೊರಡುತ್ತವೆ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಅರಮನೆಯ ದೀಪವನ್ನು ಮಧ್ಯಾಹ್ನ ಚೆನ್ನಾಗಿ ಮಲಗಿ ಎದ್ದ ದಿನ ತೋರಿಸಿ, ಇಲ್ಲದಿದ್ದರೆ ಬಿಟ್ಟುಬಿಡಿ.

ಅತ್ತೆಯ ಮಾತು ಅರ್ಧ ನಿಜ. ಮೂರು, ಮೂರೂವರೆ ವರ್ಷಕ್ಕೆ ಮುಂಚಿನ ಘಟನೆಗಳು ದೊಡ್ಡವರಾದ ಮೇಲೆ ಬಹುತೇಕರಿಗೆ ನೆನಪಿರುವುದಿಲ್ಲ. ಆದರೆ ನಾಳೆ ಬೆಳಗ್ಗೆ ನೆನಪಿರುತ್ತದೆ, ಮುಂದಿನ ತಿಂಗಳೂ ಇರುತ್ತದೆ. ಮನೆಗೆ ಬಂದ ಮೇಲೆ ಫೋಟೊ ತೋರಿಸಿ "ಆನೆ ಏನು ಮಾಡ್ತು?" ಎಂದು ಕೇಳಿದರೆ ಅವಳು ಹೇಳುವ ಕಥೆಯಲ್ಲಿ ಹೊಸ ಮಾತುಗಳು ಬರುತ್ತವೆ. ಈ ವಯಸ್ಸಿನಲ್ಲಿ ಮಾತು ಬೆಳೆಯುವುದೇ ಹೀಗೆ. ಆ ಕೆಲಸ ಅತ್ತೆಗೇ ವಹಿಸಿ.

ಯಜಮಾನರು ರಂಗನತಿಟ್ಟು, ಕೆಆರ್‌ಎಸ್ ಬಿಡಲು ಒಪ್ಪಲಿಕ್ಕಿಲ್ಲ. ಎರಡೂ ನಿಮ್ಮೂರಿಂದ ಅರ್ಧ ದಿನದ ದಾರಿ, ಯಾವ ಭಾನುವಾರವಾದರೂ ಆಗುತ್ತದೆ. ಹಕ್ಕಿಗೆಂದೇ ಹೋಗುವುದಾದರೆ ಫೆಬ್ರವರಿ ಬರಲಿ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಊರೊಳಗಿನ ಮರಗಳಲ್ಲೇ ಗೂಡು ಕಟ್ಟಿರುತ್ತವೆ. ದೋಣಿಯ ಕ್ಯೂ ಇಲ್ಲ. ಮಗಳು ಬೀದಿಯಲ್ಲಿ ನಿಂತೇ ನೋಡಬಹುದು. ಟೋಪಿ ಮರೆಯಬೇಡಿ, ಮೇಲಿಂದ ಹಿಕ್ಕೆ ಬೀಳುತ್ತದೆ.