ಚಿಮಟಾ ಯಾರ ಕೈಗೆ?

ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಇವರನ್ನು ಶಾರದಾ ಅನ್ನೋಣ. ಗದಗ ಕಡೆಯವರು, ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಆಪ್ತ ಸಮಾಲೋಚನೆಗೆ ಅಂತ ನನ್ನ ಬಳಿ ಬಂದವರೇ ಕೇಳಿದರು: "ಮೇಡಂ, ನನಗ ಮಂದಿ ಜೋಡಿ ಕೂತು ಉಣ್ಣಾಕ ಆಗವಲ್ದು. ಇದು ಮನಸಿನ ಬ್ಯಾನಿ ಏನ್ರಿ?"

ಕಚೇರಿಯವರಿಗೆ ಈಚೆಗೆ ಹಿಡಿಸಿರುವುದು ಟೇಬಲ್ ಮೇಲೇ ಒಲೆ ಇರುವ ಹೋಟೆಲ್. ನಡುವೆ ಕೆಂಡದ ಗ್ರಿಲ್ ಅಥವಾ ಕುದಿಯುವ ಸಾರು, ಸುತ್ತ ಹಸಿ ತರಕಾರಿ, ಪನೀರ್, ಚಿಕನ್. ನಾವೇ ಬೇಯಿಸಿಕೊಂಡು ತಿನ್ನಬೇಕು. ಮೊದಲ ಸಲ ಹೋಗಿ ಬಂದಮೇಲೆ ಶಾರದಾ ಒಮ್ಮೆ ತಲೆನೋವು ಅಂದರು, ಇನ್ನೊಮ್ಮೆ ಸೋಮವಾರದ ಉಪವಾಸ ಅಂದರು. ಆ ಸೋಮವಾರವೇ ಗಿರ್ಮಿಟ್ ತಿನ್ನುತ್ತಾ ಸಹೋದ್ಯೋಗಿಯ ಕಣ್ಣಿಗೆ ಬಿದ್ದರು. ಯಾರೂ ಏನೂ ಅನ್ನಲಿಲ್ಲ. ಅದೇ ಅವರನ್ನು ಜಾಸ್ತಿ ಕಾಡಿತು.

ಮಂದಿ ನಡುವೆ ಉಣ್ಣಲು ಎದೆ ಬಡಿತವಾ, ಕೈ ನಡುಕವಾ ಅಂತ ಕೇಳಿದೆ. ಇಲ್ಲ. ಸಿದ್ಧಾರೂಢ ಮಠದಲ್ಲಿ ಸಾಲಿನಲ್ಲಿ ಕೂತು ಪ್ರಸಾದ? ಆರಾಮಾಗಿ ಉಣ್ಣುತ್ತಾರೆ. ಖಾನಾವಳಿ ಅಂದಾಗ ಮುಖ ಅರಳಿತು. "ಬಿಸಿ ರೊಟ್ಟಿ ತಾಟಿಗೆ ಬಂದು ಬೀಳ್ತದ್ರಿ. ಪಲ್ಯಾ ಮತ್ತ ಹಾಕ್ಲೇನ್ರಿ ಅಂತ ಇನ್ನೊಬ್ರು ಕೇಳ್ತಾರ. ಅಷ್ಟ ಸಾಕು ನನಗ."

ಹಾಗಾದರೆ ಆ ಹೋಟೆಲಿನಲ್ಲಿ ಏನಾಯಿತು? ಎಂಟು ಜನ ಕೂತಿದ್ದರು. ಯಾರೂ ಹೇಳದಿದ್ದರೂ ಚಿಮಟಾ ಇವರ ಕೈಗೇ ಬಂತು. ಎಲ್ಲರಿಗೂ ಬೇಯಿಸಿ, ತಿರುವಿ, ಹಾಕಿಕೊಟ್ಟರು. ಇವರು ಬಾಯಿಗೆ ತುತ್ತು ಇಡುವಾಗ ಉಳಿದವರು ಐಸ್‌ಕ್ರೀಮ್ ತಿನ್ನುತ್ತಿದ್ದರು. ಮನೆಯಲ್ಲಿ ದಿನಾ 5 ಗಂಟೆಗೆ ಎದ್ದು ಆರು ಜನರಿಗೆ ರೊಟ್ಟಿ ಬಡಿಯುವವರು ಇವರು.

"ರೊಕ್ಕ ಕೊಟ್ಟು ಮತ್ತ ಒಲಿ ಮುಂದ ಕೂಡಬೇಕೇನ್ರಿ ಮೇಡಂ?"

ಕಣ್ಣಲ್ಲಿ ನೀರು ಬಂತು. ಇದು ಬೇನೆ ಅಲ್ಲ, ದಣಿವು ಅಂತ ಹೇಳಿದೆ.

ಕೊರಿಯಾ, ಜಪಾನ್, ಚೀನಾದಲ್ಲಿ ಒಂದೇ ಒಲೆಯ ಸುತ್ತ ಕೂತು ಉಣ್ಣುವುದು ಆತ್ಮೀಯತೆಯ ಊಟ. ನನಗೂ ಇಷ್ಟ. ಹಾಗೆ ಕೂತಾಗ ಯಾವುದನ್ನು ಯಾವಾಗ ಹಾಕಬೇಕು, ತೆಗೆಯಬೇಕು ಅಂತ ಪಾತ್ರೆಯನ್ನೇ ವಹಿಸಿಕೊಳ್ಳುವವರಿಗೆ ಜಪಾನಿನಲ್ಲಿ 'ನಾಬೆ ಬುಗ್ಯೋ' ಅನ್ನುತ್ತಾರೆ. ಆ ಕೆಲಸ ಇಷ್ಟಪಡುವವರು ಇರುತ್ತಾರೆ. ಚಿಮಟಾ ಅಂಥವರಿಗೆ ಹೋಗಲಿ ಅಂದೆ.

ಇನ್ನು ಸುಳ್ಳು ನೆವ ಬೇಡ. "ಬರ್ತೀನಿ, ಆದ್ರ ಬೇಯಿಸೂದು ನೀವು" ಅಂತ ಒಂದೇ ಮಾತು. ಅದನ್ನು ನನ್ನೆದುರು ಹತ್ತು ಸಲ ಹೇಳಿಸಿದೆ. ಮೊದಮೊದಲು ಪ್ರತಿ ಸಲವೂ ಕೊನೆಗೆ "ಸಾರಿ ರೀ" ಸೇರಿಸುತ್ತಿದ್ದರು. ಕೈ ಸುಮ್ನೆ ಇಟ್ಟುಕೊಂಡಾಗ ತಪ್ಪು ಮಾಡಿದಂತೆ ಅನಿಸುತ್ತದೆ, ಅನಿಸಲಿ, ಎದ್ದು ಚಿಮಟಾ ಹಿಡಿಯಬೇಡಿ ಅಂತಲೂ ಹೇಳಿದೆ. ಅವರು ಮಾಂಸ ತಿನ್ನುವುದಿಲ್ಲ. ಹಸಿ ಚಿಕನ್ ಮುಟ್ಟಿದ ಚಿಮಟಾದಿಂದಲೇ ಪನೀರ್ ತೆಗೆದದ್ದು ಅವರಿಗೆ ಹೇಸಿಕೆ ತಂದಿತ್ತು. ಅದು ಅತಿ ಮಡಿಯಲ್ಲ. ಹಸಿ ಮಾಂಸದ ರೋಗಾಣು ಹಾಗೆಯೇ ದಾಟುತ್ತದೆ. ಸಸ್ಯಾಹಾರಕ್ಕೆ ಬೇರೆ ಪಾತ್ರೆ, ಬೇರೆ ಚಿಮಟಾ ಮೊದಲೇ ಕೇಳಿ ಇಡಿಸಿಕೊಳ್ಳಿ ಅಂದೆ.

ಮುಂದಿನ ಸಲ ಹೋದರು. ಹೇಳಿದರು. ಕಿರಿಯ ಹುಡುಗನೊಬ್ಬ ಖುಷಿಯಿಂದ ಚಿಮಟಾ ಹಿಡಿದ, ಅರ್ಧ ಪನೀರ್ ಸುಟ್ಟ. ಇವರು ಎರಡೂ ಕೈ ತೊಡೆ ಕೆಳಗೆ ಇಟ್ಟುಕೊಂಡು ಕೂತಿದ್ದರಂತೆ.

ಮನೆಯ ಒಲೆ ಮಾತ್ರ ಇನ್ನೂ ಹಾಗೇ ಇದೆ. ಭಾನುವಾರ ಹೊರಗಿನಿಂದ ರೊಟ್ಟಿ ತರಿಸಿದರೆ ಅತ್ತೆಗೆ ಸೇರುತ್ತಿಲ್ಲ. ಮುಂದಿನ ಭೇಟಿಗೆ ಗಂಡನನ್ನೂ ಕರೆತರಲು ಹೇಳಿದ್ದೇನೆ.