ಅಗ್ಗದ ಮ್ಯಾಂಡೊಲಿನ್‌ಗೆ ಹೊಸ ಕೀ, ಹೊಸ ಬ್ರಿಡ್ಜ್: ಹಾಕಿಸಬೇಕಾ?

ಪ್ರಶ್ನೆ: ನಾನು ತುಮಕೂರಿನ ಕ್ಯಾತ್ಸಂದ್ರದವನು. ಹೋದ ವರ್ಷ ಬೆಂಗಳೂರಿನಿಂದ 7,000 ರೂಪಾಯಿಗೆ ಒಂದು ಮ್ಯಾಂಡೊಲಿನ್ ತಂದೆ. ಭಜನಾ ಮಂಡಳಿಯಲ್ಲಿ ನುಡಿಸುತ್ತೇನೆ. ಎರಡು ಭಜನೆ ಮುಗಿಯುವಷ್ಟರಲ್ಲಿ ಶ್ರುತಿ ಇಳಿದಿರುತ್ತದೆ. ಮೇಲಿನ ಫ್ರೆಟ್‌ಗಳಲ್ಲಿ (ಕುತ್ತಿಗೆ ಮೇಲಿನ ಲೋಹದ ಅಡ್ಡಪಟ್ಟಿಗಳು) ಸ್ವರ ಸರಿಯಾಗಿ ನಿಲ್ಲುವುದಿಲ್ಲ. ಕೀ (ತಂತಿ ಬಿಗಿ ಮಾಡುವ ತಿರುಪು), ಬ್ರಿಡ್ಜ್ (ತಂತಿಗಳನ್ನು ಹಲಗೆಯಿಂದ ಎತ್ತಿ ಹಿಡಿಯುವ ತುಂಡು), ಟೇಲ್‌ಪೀಸ್ (ತಂತಿಗಳ ಕೆಳತುದಿ ಸಿಕ್ಕಿಸುವ ಲೋಹದ ತುಂಡು) ಮೂರನ್ನೂ ಬದಲಾಯಿಸಿದರೆ ದುಬಾರಿ ವಾದ್ಯದಂತೆ ಕೇಳಿಸುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. 5,000 ರೂಪಾಯಿ ಆಗುತ್ತದಂತೆ. ಮಾಡಿಸಲಾ? ಮಗಳು ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ, ಅವಳಿಗೂ ಇದೇ ವಾದ್ಯ ಸಾಕಾಗುತ್ತದಾ?

ಉತ್ತರ: ಸದ್ಯಕ್ಕೆ ಮಾಡಿಸಬೇಡಿ. ನೀವು ಹೇಳಿದ ಎರಡೂ ತೊಂದರೆಗೆ ಹೊಸ ಸಾಮಾನು ಬೇಕಾಗದೇ ಇರಬಹುದು. ಇನ್ನು ದುಬಾರಿ ವಾದ್ಯದ ನಾದ ಈ ಮೂರು ಸಾಮಾನಿನಿಂದ ಬರುವುದಿಲ್ಲ. ನಾದದ ದೊಡ್ಡ ಪಾಲು ಬರುವುದು ಮೇಲ್ಹಲಗೆಯಿಂದ. ಅದರಲ್ಲಿರುವ ತೂತಿನ (ಸೌಂಡ್ ಹೋಲ್) ಅಂಚನ್ನು ಟಾರ್ಚ್ ಹಿಡಿದು ನೋಡಿ. ಪದರ ಪದರವಾಗಿ ಕಂಡರೆ ಅದು ಪ್ಲೈವುಡ್. ಮೇಲಿನ ಮರದ ಗೆರೆಗಳೇ ಅಂಚಿನಲ್ಲೂ ಇಳಿದು ಬಂದಿದ್ದರೆ ಒಂದೇ ಮರದ ಹಲಗೆ. ಪ್ಲೈವುಡ್ ಆಗಿದ್ದರೆ ಯಾವ ಕೀ ಹಾಕಿದರೂ ಅದು ಪ್ಲೈವುಡ್ಡೇ.

ಶ್ರುತಿ ಇಳಿದರೆ ಎಲ್ಲರೂ ಮೊದಲು ಬೈಯುವುದು ಕೀಯನ್ನು. ಪಾಪ, ಅದರ ತಪ್ಪು ಕಡಿಮೆ. ಮ್ಯಾಂಡೊಲಿನ್ ಕೀಯಲ್ಲಿ ಇರುವುದು ವರ್ಮ್ ಗೇರ್. ಬೆರಳಲ್ಲಿ ಹಿಡಿಯುವ ಕಿವಿ ತಿರುಗಿಸಿದರೆ ತಂತಿ ಸುತ್ತಿಕೊಳ್ಳುವ ಕಂಬ ತಿರುಗುತ್ತದೆ, ಆದರೆ ತಂತಿ ಎಷ್ಟು ಎಳೆದರೂ ಕಂಬ ತಾನಾಗಿ ಹಿಂದಕ್ಕೆ ತಿರುಗುವುದಿಲ್ಲ. ಹಾಗಾಗಿ ಮೊದಲು ತಂತಿ ನೋಡಿ. ವರ್ಷದಿಂದ ಅದೇ ತಂತಿ ಇದ್ದರೆ ಇವತ್ತೇ ಬದಲಾಯಿಸಿ. ತುದಿಯಲ್ಲಿ ಕುಣಿಕೆ ಇರುವ ಮ್ಯಾಂಡೊಲಿನ್ ಸೆಟ್ ಕೇಳಿ ತನ್ನಿ. ತುದಿಯಲ್ಲಿ ಗುಂಡು ಇರುವ ಗಿಟಾರ್ ತಂತಿ ಬೇಡ. ಎಂಟು ತಂತಿಯನ್ನೂ ಒಟ್ಟಿಗೆ ಬಿಚ್ಚಬೇಡಿ. ಬ್ರಿಡ್ಜ್‌ಗೆ ಅಂಟು ಹಾಕಿರುವುದಿಲ್ಲ, ತಂತಿಯ ಬಿಗಿಯಲ್ಲಷ್ಟೇ ನಿಂತಿರುತ್ತದೆ. ಒಂದು ತಂತಿ ಬಿಚ್ಚಿ, ಹೊಸದು ಹಾಕಿ, ಆಮೇಲೆ ಮುಂದಿನದು. ಕಂಬಕ್ಕೆ ಎರಡು ಮೂರು ಸುತ್ತು ಬಿಗಿಯಾಗಿ ಬರಲಿ. ಹೊಸ ತಂತಿ ಒಂದೆರಡು ದಿನ ಹಿಗ್ಗುತ್ತದೆ, ಅದಕ್ಕೆ ಗಾಬರಿ ಬೇಡ. ಶ್ರುತಿ ಮಾಡುವಾಗ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬನ್ನಿ. ಜಾಸ್ತಿ ಆಯಿತೆಂದರೆ ಬೇಕಾದ ಸ್ವರಕ್ಕಿಂತ ಕೆಳಗೆ ಇಳಿಸಿ ಮತ್ತೆ ಏರಿಸಿ.

ಏರಿಸುವಾಗ 'ಟಕ್' ಎಂದು ಸದ್ದಾಗಿ ಸ್ವರ ಒಮ್ಮೆಲೇ ಜಿಗಿಯುತ್ತದಾ? ಹಾಗಾದರೆ ತಂತಿ ನಟ್‌ನ (ಕೀಗಳ ಕಡೆ ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಗೀರಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಅಗ್ಗದ ವಾದ್ಯಗಳಲ್ಲಿ ನಾನು ಕಾಣುವ ದೊಡ್ಡ ರೋಗ ಇದೇ. ಗೀರಿಗೆ ಪೆನ್ಸಿಲ್ ಸೀಸ ಉಜ್ಜಿ ನೋಡಿ. ಅಷ್ಟಕ್ಕೇ ಸರಿಹೋದರೆ ಖರ್ಚು ಸೊನ್ನೆ. ಹೋಗದಿದ್ದರೆ ಗೀರನ್ನು ಸಣ್ಣ ಅರದಿಂದ ತೀಡಿಸಬೇಕು. ಅದನ್ನು ಮನೆಯಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ಮಾಡಲು ಹೋಗಬೇಡಿ. ಕೂದಲೆಳೆಯಷ್ಟು ಆಳ ಜಾಸ್ತಿಯಾದರೂ ಬೆರಳಿಂದ ಒತ್ತದೆ ಬಿಟ್ಟ ತಂತಿ ಮೊದಲ ಫ್ರೆಟ್‌ಗೆ ತಾಗಿ ಝೇಂಕರಿಸುತ್ತದೆ. ಗಿಟಾರ್ ರಿಪೇರಿ ಬಲ್ಲವರಿಗೆ ಕೊಡಿ. ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿದಾಗ ಮೊದಲ ಫ್ರೆಟ್ ಮೇಲೆ ತೀರಾ ತೆಳು ಸಂದು ಮಾತ್ರ ಉಳಿಯಬೇಕು.

ಮೇಲಿನ ಫ್ರೆಟ್‌ಗಳ ವಿಷಯ. ಭಜನೆಗೆ ಹೋಗಿ ಬರುವಾಗ ಚೀಲದಲ್ಲಿ ಬ್ರಿಡ್ಜ್ ಸರಿದಿರುತ್ತದೆ ಎಂಬುದು ನನ್ನ ಅನುಮಾನ. ಫೋನಿನಲ್ಲಿ ಟ್ಯೂನರ್ ಆ್ಯಪ್ ಹಾಕಿಕೊಳ್ಳಿ. 12ನೇ ಫ್ರೆಟ್ ಮೇಲೆ ತಂತಿಯನ್ನು ಮೆಲ್ಲಗೆ ಮುಟ್ಟಿ ಮೀಟಿ, ಆಮೇಲೆ ಅಲ್ಲೇ ಒತ್ತಿ ಮೀಟಿ. ಎರಡೂ ಒಂದೇ ಇರಬೇಕು. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜನ್ನು ಟೇಲ್‌ಪೀಸ್ ಕಡೆಗೆ ಸ್ವಲ್ಪ ಸರಿಸಿ, ಇಳಿದಿದ್ದರೆ ಕುತ್ತಿಗೆ ಕಡೆಗೆ. ಸರಿಸುವ ಮೊದಲು ತಂತಿ ಸ್ವಲ್ಪ ಸಡಿಲಿಸಿ. ಸರಿಯಾದ ಜಾಗ ಸಿಕ್ಕ ಮೇಲೆ ಬ್ರಿಡ್ಜ್ ಪಾದದ ಅಂಚಿಗೆ ಪೆನ್ಸಿಲ್‌ನಲ್ಲಿ ಸಣ್ಣ ಗುರುತು ಹಾಕಿಡಿ. 12ನೇ ಫ್ರೆಟ್ ಮೇಲೆ ತಂತಿಯ ಎತ್ತರ 1.5ರಿಂದ 2 ಮಿಲಿಮೀಟರ್ ಇದ್ದರೆ ಒಳ್ಳೆಯದು. ಅದಕ್ಕಿಂತ ಎತ್ತರವಿದ್ದರೆ ಒತ್ತುವಾಗಲೇ ಸ್ವರ ಏರುತ್ತದೆ, ಬೆರಳೂ ನೋಯುತ್ತದೆ.

ಮೂರು ಸಾಮಾನಿನಲ್ಲಿ ದುಡ್ಡು ಹಾಕಬಹುದಾದದ್ದು ಅಂದರೆ ಬ್ರಿಡ್ಜ್. ಅದೂ ಹೊಸದು ಕೊಳ್ಳುವ ಮೊದಲು ಹಳೆಯದರ ಪಾದ ನೋಡಿ. ಪಾದಕ್ಕೂ ಹಲಗೆಗೂ ನಡುವೆ ಕಾಗದ ನುಸುಳಿದರೆ ನಾದ ಅಲ್ಲೇ ಸೋರುತ್ತಿದೆ. ಹಲಗೆ ಮೇಲೆ ಉಜ್ಜುಕಾಗದವನ್ನು ಒರಟು ಮುಖ ಮೇಲೆ ಬರುವಂತೆ ಇಟ್ಟು, ಅದರ ಮೇಲೆ ಬ್ರಿಡ್ಜ್ ಪಾದವನ್ನು ತಿಕ್ಕಿ ಕೂರಿಸುತ್ತಾರೆ. ಬೇಸರದ ಕೆಲಸ, ಆದರೆ ಈ ಬೆಲೆಯ ವಾದ್ಯದಲ್ಲಿ ಇಷ್ಟು ಫಲ ಕೊಡುವ ರಿಪೇರಿ ಮತ್ತೊಂದಿಲ್ಲ. ಹೊಸ ಬ್ರಿಡ್ಜ್ ತಂದರೂ ಹೀಗೆ ಕೂರಿಸದಿದ್ದರೆ ದಂಡ. ಟೇಲ್‌ಪೀಸ್ ಬಿಟ್ಟುಬಿಡಿ. ಎರಕದ ಟೇಲ್‌ಪೀಸ್ ನೋಡಲು ಚೆಂದ, ತಂತಿ ಹಾಕಲೂ ಸುಲಭ, ನಾದದಲ್ಲಿ ವ್ಯತ್ಯಾಸ ಅಷ್ಟಕ್ಕಷ್ಟೆ. ಈಗಿನದರ ಮುಚ್ಚಳ ಗಡಗಡ ಎನ್ನುತ್ತಿದ್ದರೆ ಒಳಗೆ ಒಂದು ಚೂರು ಚರ್ಮ ಇಡಿ.

ನಮ್ಮ ಕಡೆ ಫೆಬ್ರವರಿಯಿಂದ ಮೇವರೆಗೆ ಹವೆ ಒಣಗಿರುತ್ತದಲ್ಲ, ಆಗ ಫ್ರೆಟ್ ಕೂರಿಸಿದ ಮರ ಸ್ವಲ್ಪ ಕುಗ್ಗಿ ಫ್ರೆಟ್ ತುದಿಗಳು ಕೈಗೆ ಚುಚ್ಚುತ್ತವೆ. ಅದನ್ನೂ ಅದೇ ರಿಪೇರಿಯಲ್ಲಿ ಅರ ಹಾಕಿಸಿ.

ಮಗಳ ಪ್ರಶ್ನೆ ಬೇರೆ. ಮ್ಯಾಂಡೊಲಿನ್‌ನಲ್ಲಿ ಕರ್ನಾಟಕ ಸಂಗೀತಕ್ಕೆ ದೊಡ್ಡ ಹೆಸರು ತಂದ ಯು. ಶ್ರೀನಿವಾಸ್ (1969–2014) ನುಡಿಸುತ್ತಿದ್ದದ್ದು ಎಲೆಕ್ಟ್ರಿಕ್ ಮ್ಯಾಂಡೊಲಿನ್, ಅದೂ ಜೋಡಿ ತಂತಿ ಬಿಟ್ಟು ಒಂಟಿ ತಂತಿಯಲ್ಲಿ. ಜೋಡಿ ತಂತಿಯನ್ನು ಎಳೆದು ಗಮಕ (ಸ್ವರದ ತೂಗಾಟ) ತೆಗೆಯುವುದು ಮಕ್ಕಳ ಬೆರಳಿಗೆ ಕಷ್ಟ. ನಿಮ್ಮ ವಾದ್ಯದ ನಾಲ್ಕು ಜೋಡಿ ತಂತಿಗಳ ಶ್ರುತಿ ಈಗ ಪಾಶ್ಚಾತ್ಯ ಸ್ವರದ ಹೆಸರಿನಲ್ಲಿ ಜಿ-ಡಿ-ಎ-ಇ ಇರುತ್ತದೆ. ಜಿಯನ್ನು ಷಡ್ಜ ಹಿಡಿದು ಸ-ಪ-ಸ-ಪ ಮಾಡಿದರೆ ಎ, ಇ ಜೋಡಿಗಳನ್ನು ಎರಡೆರಡು ಫ್ರೆಟ್‌ನಷ್ಟು ಇಳಿಸಬೇಕು. ಆಗ ಅವು ಸಡಿಲವಾಗಿ ಫ್ರೆಟ್‌ಗೆ ಬಡಿಯುತ್ತವೆ. ಆ ಎರಡಕ್ಕೆ ಸ್ವಲ್ಪ ದಪ್ಪ ತಂತಿ ಬೇಕಾಗುತ್ತದೆ. ಸರಳೆ, ಜಂಟಿವರಸೆಯಂಥ ಆರಂಭದ ಪಾಠ ಕಲಿಯುವವರೆಗೆ ಇದೇ ನಡೆಯುತ್ತದೆ. ಮುಂದಕ್ಕೆ ಹೋದರೆ ಆ 5,000 ರೂಪಾಯಿಯನ್ನು ಅವಳ ಬೇರೆ ವಾದ್ಯಕ್ಕೆ ಕೂಡಿಡಿ. ಈ ವಾದ್ಯ ಮಾರುವಾಗ ಸಾಮಾನಿಗೆ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ.

ಇಷ್ಟೆಲ್ಲಾ ಮಾಡಿದ ಮೇಲೂ ಯಾವುದಾದರೂ ಕೀ ಅಲ್ಲಾಡುತ್ತಿದ್ದರೆ ಮೊದಲು ಗೇರಿನ ಸಣ್ಣ ಸ್ಕ್ರೂ ಬಿಗಿ ಮಾಡಿ, ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಕಂಬ ಬಾಗಿದ್ದರೆ, ಹಲ್ಲು ಸವೆದಿದ್ದರೆ ಮಾತ್ರ ಹೊಸ ಸೆಟ್. ಕೊಳ್ಳಲು ಹೋಗುವಾಗ ಕೀಗಳಿರುವ ಹಳೆಯ ಪ್ಲೇಟ್ ಬಿಚ್ಚಿ ಜೊತೆಗೇ ಒಯ್ಯಿರಿ. ಕಂಬದಿಂದ ಕಂಬಕ್ಕೆ ಇರುವ ದೂರ ಒಂದು ಮಿಲಿಮೀಟರ್ ತಪ್ಪಿದರೂ ತಲೆಯ ತೂತುಗಳಿಗೆ ಕೂರುವುದಿಲ್ಲ.